ಯಾರಿಗೆ ತೋರಿಸಲು ಎಂದು ಕೇಳಿದೆಯಲ್ಲ

ಚಿಕ್ಕಮಗಳೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿನ್ನು,

ನಾವಿಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು, "ಅಮ್ಮಾ, ಆ ಊರಿನಲ್ಲಿ ಯಾರಿಗೆ ತೋರಿಸಲು ಇಷ್ಟೊಂದು ಅಲಂಕಾರ ಮಾಡಿಕೊಳ್ಳುತ್ತೀಯ?" ಎಂದು ಕೇಳಿದಾಗ ಅಜ್ಜಿ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಅವರಿಗೆ ಕಿವಿ ಮಂದ ಎಂದು ನಾವೆಲ್ಲ ನಂಬಿದ್ದೇವೆ; ಬೇಕಾದ ಮಾತು ಮಾತ್ರ ಹೇಗೋ ಕೇಳಿಸಿಬಿಡುತ್ತದೆ. ಅದಕ್ಕೇ ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ. ಈಗ ಅವರು ಮಲಗಿದ್ದಾರೆ. ಕಾಗದವೇ ಏಕೆ ಎಂದರೆ, ಲಕೋಟೆಯಲ್ಲಿ ಒಂದು ವಸ್ತುವನ್ನೂ ಕಳಿಸಬೇಕಾಗಿದೆ. ಅದು ಕೊನೆಗೆ.

ಹೋದ ಮೇ ತಿಂಗಳಲ್ಲಿ ನನ್ನ ಎರಡು ಬೀರು, ಏಳು ಸೂಟ್‌ಕೇಸು, ಚಪ್ಪಲಿಗಳ ಮೂರು ಡಬ್ಬ ಇಳಿಸಿದ ಲಾರಿಯವನು, "ಬಟ್ಟೆ ಅಂಗಡಿ ಹಾಕುತ್ತೀರಾ ಮೇಡಂ?" ಎಂದು ಕೇಳಿದ್ದ. ನಿಮ್ಮಪ್ಪ ಈಗಲೂ ಬಂದವರಿಗೆಲ್ಲ ಅದನ್ನು ಹೇಳಿ ನಗುತ್ತಾರೆ. ಮೂವತ್ತು ವರ್ಷ ಬೆಂಗಳೂರಿನಲ್ಲಿ ಇದ್ದವಳು ನಾನು. ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಗೆ ಕೊತ್ತಂಬರಿ ಸೊಪ್ಪು ತರಲು ಹೋದರೂ ಓಲೆ ಬದಲಿಸಿಕೊಂಡೇ ಹೋಗುತ್ತಿದ್ದೆ. ಎಂಬತ್ತನಾಲ್ಕರ ಅಜ್ಜಿಯನ್ನು ಒಂಟಿಯಾಗಿ ಬಿಡುವ ಹಾಗಿರಲಿಲ್ಲ, ಅವರು ಈ ಮನೆ ಬಿಟ್ಟು ಬರುವ ಹಾಗೂ ಇರಲಿಲ್ಲ. ಬಂದೆವು, ಅಷ್ಟೇ.

ಮೊದಲು ನನ್ನನ್ನು ಸೋಲಿಸಿದ್ದು ಮಳೆ. ಮೂಡಿಗೆರೆ, ಶೃಂಗೇರಿಯ ಕಡೆ ಸುರಿಯುವಷ್ಟು ಇಲ್ಲಿ ಸುರಿಯುವುದಿಲ್ಲ ನಿಜ. ಆದರೆ ಜಿನುಗು ಹಿಡಿಯಿತೆಂದರೆ ದಿನಗಟ್ಟಲೆ ಬಿಸಿಲಿನ ಮುಖ ಕಾಣದು. ಮುಳ್ಳಯ್ಯನಗಿರಿ ಯಾವ ದಿಕ್ಕಿಗಿದೆ ಎಂಬುದೇ ಮರೆತುಹೋಗುತ್ತದೆ. ಆಷಾಢದಲ್ಲಿ ಒಂದು ಬೆಳಿಗ್ಗೆ ಬೀರು ತೆರೆದರೆ ನೆನೆದ ಗೋಣಿಚೀಲದ ವಾಸನೆ. ಕಪ್ಪು ರೇಷ್ಮೆ ಸೀರೆಯ ಮೇಲೆ ಯಾರೋ ಅಕ್ಷತೆ ಎರಚಿದ ಹಾಗೆ ಬಿಳಿ ಬಿಳಿ ಚುಕ್ಕಿ. ನೀನು ಹುಟ್ಟುಹಬ್ಬಕ್ಕೆ ಕೊಡಿಸಿದ ಚರ್ಮದ ಬೂಟಿನೊಳಗೆ ಹಸಿರು ಬೂಷ್ಟು. ಜೋಪಾನ ಮಾಡಲೆಂದು ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟಿದ್ದ ಸೀರೆಗಳ ಗತಿಯಂತೂ ಎಲ್ಲಕ್ಕಿಂತ ಕೆಟ್ಟದಾಗಿತ್ತು. ತೇವ ಒಳಗೇ ಕುಳಿತು ಜರಿ ಕಪ್ಪಿಟ್ಟಿತ್ತು. ನನಗೆ ಅಳುವೇ ಬಂತು.

ಅಜ್ಜಿ ನಗಲಿಲ್ಲ. ತಮ್ಮ ಟ್ರಂಕನ್ನು ನನ್ನಿಂದಲೇ ಎಳೆಸಿ, ತೆರೆಸಿದರು. ಒಂದೊಂದು ಸೀರೆಯೂ ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು, ಬಾಣಂತಿಕೋಣೆಯ ಕೂಸಿನಂತೆ ಮಲಗಿತ್ತು. ಮಳೆ ಬಿಡುವು ಕೊಟ್ಟ ದಿನ ನೆರಳಿನ ಗಾಳಿಗೆ ಹರವಬೇಕಂತೆ, ಬಿಸಿಲಿಗಲ್ಲ. ಪ್ರತಿ ಸಲ ಮಡಿಕೆ ಬದಲಿಸಬೇಕಂತೆ, ಇಲ್ಲದಿದ್ದರೆ ಒಂದೇ ಗೆರೆಯಲ್ಲಿ ಸೀಳುತ್ತದೆ. ಜರಿ ಒಳಮುಖವಾಗಿರಬೇಕು. ಇಷ್ಟು ಹೇಳುತ್ತಲೇ ಒಂದೊಂದರ ಬಣ್ಣವನ್ನೂ ಹೆಸರು ಹಿಡಿದು ಕರೆದರು: ಗಿಣಿಹಸಿರು, ಚಂದ್ರಗಾವಿ, ಈರುಳ್ಳಿ ಸಿಪ್ಪೆ, ಆನಂದ ಬಣ್ಣ. ನಾನು ಅಂಗಡಿಗಳಲ್ಲಿ "ಆ ಲೈಟ್ ಪಿಂಕ್ ತೋರಿಸಿ, ಅದಕ್ಕಿಂತ ಸ್ವಲ್ಪ ಡಲ್" ಎಂದು ಒದ್ದಾಡುತ್ತಿದ್ದುದಕ್ಕೆಲ್ಲ ಇವರ ಬಳಿ ಒಂದೊಂದು ಪದವಿತ್ತು.

ಆಮೇಲೆ ದರ್ಜಿಯ ಪ್ರಸಂಗ. ಎಂ.ಜಿ. ರಸ್ತೆಯಿಂದ ಒಳಕ್ಕಿರುವ ಓಣಿಯಲ್ಲಿ ಒಬ್ಬ ಹೆಂಗಸು ರವಿಕೆ ಹೊಲಿಯುತ್ತಾರೆ. ನವರಾತ್ರಿಗೆ ಹೊಸ ಮೈಸೂರು ರೇಷ್ಮೆಗೆ ರವಿಕೆ ಕೊಟ್ಟೆ. ಬೆನ್ನು ಇಷ್ಟು ಆಳ, ಡೋರಿ, ತುದಿಗೆ ಗೊಂಡೆ ಎಂದು ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದೆ. ಅವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ಪುಸ್ತಕದಲ್ಲಿ ಬರೆದುಕೊಂಡರು. ಹೊಲಿದು ಬಂದಾಗ ಡೋರಿಯಿತ್ತು, ಗೊಂಡೆಯಿತ್ತು, ಬೆನ್ನು ಮಾತ್ರ ಎರಡು ಇಂಚು ಮೇಲಿತ್ತು. ಕೇಳಿದರೆ, ಬಾಯಿಯಲ್ಲಿದ್ದ ಗುಂಡುಪಿನ್ನನ್ನು ತೆಗೆಯದೆಯೇ ಹೇಳಿದರು: "ಇಳಿಸುವುದನ್ನು ಯಾವಾಗ ಬೇಕಾದರೂ ಇಳಿಸಬಹುದು ಅಕ್ಕಾ. ಕತ್ತರಿಸಿದ ಮೇಲೆ ಏರಿಸಲು ಬರುವುದಿಲ್ಲ." ನನಗೆ ಸಿಟ್ಟು ನೆತ್ತಿಗೇರಿತು. ಮಲ್ಲೇಶ್ವರದಲ್ಲಾಗಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಿದ್ದೆ. ಇಲ್ಲಿ ಲೈನಿಂಗ್ ಸುಕ್ಕಾಗದಂತೆ ಹೊಲಿಯುವವರು ನನಗೆ ಸಿಕ್ಕಿರುವುದು ಇವರೊಬ್ಬರೇ. ಚೌಕಾಸಿ ಮಾಡಿ ಒಂದು ಇಂಚು ಇಳಿಸಿಕೊಂಡು ಬಂದೆ. ನಿಜ ಹೇಳುತ್ತೇನೆ, ಅವರಿಗೆ ಹೇಳಬೇಡ: ಆ ಅಳತೆಯೇ ಚೆನ್ನಾಗಿ ಕೂತಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬೆಂಗಳೂರಿನ ಮೆಟ್ರೋದಲ್ಲಿ ನಾನು ಏನು ಉಟ್ಟರೂ ಯಾರೂ ಮೊಬೈಲಿನಿಂದ ತಲೆ ಎತ್ತುತ್ತಿರಲಿಲ್ಲ. ಅದನ್ನೇ ನೀನು ಸ್ವಾತಂತ್ರ್ಯ ಎನ್ನುತ್ತೀಯ, ನಾನೂ ಹಾಗೆಯೇ ಎನ್ನುತ್ತಿದ್ದೆ. ಇಲ್ಲಿ ಎಲ್ಲರೂ ನೋಡುತ್ತಾರೆ, ನೋಡಿದ್ದನ್ನು ಮರೆಯುವುದೂ ಇಲ್ಲ. ಹಿರೇಮಗಳೂರಿನ ಕೋದಂಡರಾಮನ ಗುಡಿಯಲ್ಲಿ ಕನ್ನಡದಲ್ಲಿ ನಡೆಯುವ ಅರ್ಚನೆಯನ್ನು ಕಣ್ಣು ಮುಚ್ಚಿ ಕೇಳುತ್ತ ನಿಂತಿದ್ದರೆ, ಪಕ್ಕದವರು ಕಿವಿಯ ಬಳಿ ಬಂದು, "ಇದು ದಸರಾಕ್ಕೆ ಉಟ್ಟಿದ್ದಿರಲ್ಲ, ಅದೇ ಅಲ್ಲವೇ?" ಎನ್ನುತ್ತಾರೆ. ಒಂದು ದಿನ ತಲೆನೋವೆಂದು ನೈಟಿಯ ಮೇಲೆ ದುಪಟ್ಟಾ ಹೊದ್ದು ಹಾಲಿಗೆ ಹೋಗಿ ಬಂದೆ. ಸಂಜೆಯೊಳಗೆ ಇಬ್ಬರು ಫೋನು ಮಾಡಿ ಆರೋಗ್ಯ ವಿಚಾರಿಸಿದರು. ಆದರೆ ಬಸವನಹಳ್ಳಿ ರಸ್ತೆಯಲ್ಲಿ ಹೂ ಮಾರುವ ಹೆಂಗಸು, ನಾನು ದೂರದಲ್ಲಿ ಬರುವಾಗಲೇ ಸೀರೆಯ ಬಣ್ಣ ನೋಡಿ, ಇವತ್ತು ಕನಕಾಂಬರವೋ ಮಲ್ಲಿಗೆಯೋ ಎಂದು ತಾನೇ ತೀರ್ಮಾನಿಸಿ ಒಂದು ಮೊಳ ಕತ್ತರಿಸಿ ಇಟ್ಟಿರುತ್ತಾಳೆ. ಒಂದು ಸಲವೂ ತಪ್ಪಿಲ್ಲ. ಅಷ್ಟು ಗಮನವಿಟ್ಟು ನನ್ನನ್ನು ಬೆಂಗಳೂರಿನಲ್ಲಿ ಯಾರು ನೋಡಿದ್ದರು, ನಿಮ್ಮಪ್ಪನನ್ನೂ ಸೇರಿಸಿ ಹೇಳು?

ಎಲ್ಲವೂ ಹೀಗೆ ಸಿಹಿಯಾಗಿಯೇ ಇದೆ ಎಂದುಕೊಳ್ಳಬೇಡ. ತೋಳಿಲ್ಲದ ಆ ನೀಲಿ ಕುರ್ತಾ ಹಾಕಿಕೊಂಡು ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ನಮ್ಮ ನೆಂಟರಲ್ಲೇ ಒಬ್ಬರು ಹತ್ತು ಜನರ ಎದುರು, "ಬೆಂಗಳೂರಿನಲ್ಲಿ ಬಟ್ಟೆಗೆ ಬರವೇ?" ಎಂದು ಕೇಳಿದರು. ಏನೋ ಹೇಳಬೇಕಿತ್ತು. ಹೋಳಿಗೆ ಗಂಟಲಲ್ಲೇ ನಿಂತಿತು. ಎರಡು ತಿಂಗಳು ಆ ಕುರ್ತಾ ಮುಟ್ಟಲಿಲ್ಲ. ಅವರ ಮೇಲಿನದಕ್ಕಿಂತ ನನ್ನ ಮೇಲೆಯೇ ಸಿಟ್ಟು ಹೆಚ್ಚಿತ್ತು.

ಈ ಸಂಗತಿ ಅಜ್ಜಿಗೆ ಹೇಗೆ ಮುಟ್ಟಿತೋ ತಿಳಿಯದು. ಕಾಫಿ ಹಣ್ಣು ಕೊಯ್ಯುವ ಕಾಲ ಶುರುವಾದ ಮೇಲೆ ಒಂದು ಸಂಜೆ, ತೋಟದಿಂದ ಹಿಂದಿರುಗುವ ಹೆಂಗಸರು ಜೀಪಿನಲ್ಲಿ ಹೋಗುವುದನ್ನು ಜಗುಲಿಯಿಂದ ನೋಡುತ್ತಿದ್ದೆವು. ನೀನೂ ನೋಡಿದ್ದೀಯ: ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ. ಕೊಂಬೆ ಗೀರದಿರಲಿ, ಚಿಗಳಿ ಇರುವೆ ಕಚ್ಚದಿರಲಿ ಎಂದು. ಅಜ್ಜಿ ಅವರತ್ತಲೇ ನೋಡುತ್ತ, "ನಾನೂ ನಿಮ್ಮ ಮಾವನ ಅಂಗಿ ಹಾಕಿಕೊಂಡು ಕೊಯ್ಲಿಗೆ ಇಳಿದವಳೇ. ಮನೆಯ ಸೊಸೆ ಗಂಡಸರ ಅಂಗಿ ತೊಟ್ಟಳು ಎಂದು ಇವರೆಲ್ಲರ ಅಮ್ಮಂದಿರೂ ಆಡಿಕೊಂಡರು. ಆಡಿಕೊಂಡವರು ಯಾರೂ ಬಂದು ಕಾಫಿ ಕೊಯ್ದುಕೊಡಲಿಲ್ಲ" ಎಂದರು. ಅಷ್ಟೇ ಹೇಳಿ ಒಳಗೆ ದೀಪ ಹಚ್ಚಲು ಎದ್ದುಹೋದರು. ನೀಲಿ ಕುರ್ತಾ ಮರುದಿನ ಬೀರಿನಿಂದ ಹೊರಬಂತು.

ಡಿಸೆಂಬರಿನಲ್ಲಿ ನಾನೂ ನಿಮ್ಮಪ್ಪನೂ ಬೇಲೂರಿಗೆ ಹೋಗಿದ್ದೆವು. ಇಲ್ಲಿಂದ ಸುಮಾರು 25 ಕಿಲೋಮೀಟರ್, ಬಸ್ಸು ಬೇಕಾದಷ್ಟಿವೆ. 1117ರ ಗುಡಿ. ಒಂಬತ್ತು ನೂರು ವರ್ಷಗಳಿಂದ ದರ್ಪಣಸುಂದರಿ ಆ ಗೋಡೆಯ ಮೇಲೆ ಕನ್ನಡಿ ಹಿಡಿದೇ ನಿಂತಿದ್ದಾಳೆ. ನಿಮ್ಮಪ್ಪ ಅವಳನ್ನು ನೋಡಿ, "ಇವಳ ಗಂಡನೂ ಪಾಪ, ಹೊರಡೋಣವೇ ಎಂದು ಕೇಳುತ್ತಲೇ ಇದ್ದಾನೇನೋ" ಎಂದರು. ನಾನು ಉತ್ತರ ಕೊಡಲಿಲ್ಲ; ಎತ್ತರ ಹಿಮ್ಮಡಿಯ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಆರಾಮವಾಗಿದ್ದೆ.

ಈಗ ಲಕೋಟೆಯಲ್ಲಿರುವ ವಸ್ತುವಿನ ಬಗ್ಗೆ. ನನ್ನ ಸೀರೆಗಳ ಸೆರಗಿನ ಕುಚ್ಚನ್ನು ಅಜ್ಜಿ ಬಹಳ ದಿನದಿಂದ ಬೆರಳಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮೊನ್ನೆ ನಾನು ಫೋನು ಇಟ್ಟ ಮೇಲೆ, ಅವರೆಕಾಯಿಯ ಮೇಲಿನ ಕಣ್ಣು ತೆಗೆಯದೆ, ತಮ್ಮ ಆನಂದ ಬಣ್ಣದ ಸೀರೆಗೂ ಅಂಥದ್ದು ಹಾಕಿಸಬಹುದೇ ಎಂದು ಕೇಳಿದರು. ರಥಸಪ್ತಮಿಯೊಳಗೆ ಆದರೆ ಒಳ್ಳೆಯದಂತೆ. ಯಾರಿಗೆ ತೋರಿಸಲು ಎಂದು ನಾನು ಕೇಳಲಿಲ್ಲ.

ಇಲ್ಲಿ ಹುಡುಕಿದ ದಾರಗಳು ಒಂದೋ ತೀರಾ ನೀಲಿ, ಇಲ್ಲವೇ ತೀರಾ ಹಸಿರು. ಮೊಬೈಲಿನ ಚಿತ್ರದಲ್ಲಿ ಆ ಬಣ್ಣ ಬರುವುದೇ ಇಲ್ಲ. ಅದಕ್ಕೇ ಅದರ ರವಿಕೆಯ ಒಳಹೊಲಿಗೆಯಿಂದ ಒಂದು ಚೂರು ಬಿಚ್ಚಿ ಕಳಿಸಿದ್ದೇನೆ. ಚಿಕ್ಕಪೇಟೆಗೆ ಹೋಗಿ ರೇಷ್ಮೆ ದಾರ ತೆಗೆದುಕೊಂಡು ಬಾ. ಅಂಗಡಿಯ ದೀಪದ ಕೆಳಗೆ ಹೊಂದಿಸಬೇಡ, ದಾರವನ್ನೂ ಚೂರನ್ನೂ ಹಿಡಿದುಕೊಂಡು ರಸ್ತೆಯ ಬೆಳಕಿಗೆ ಬಂದು ನೋಡು. ಎರಡು ಉಂಡೆ ಹೆಚ್ಚೇ ಇರಲಿ. ಚೂರನ್ನು ಕಳೆದುಬಿಡಬೇಡ, ಅಜ್ಜಿ ಲೆಕ್ಕ ಇಟ್ಟಿದ್ದಾರೆ.

ಆಶೀರ್ವಾದಗಳು.

ನಿನ್ನ
ಅಮ್ಮ