ಮಕ್ಕಳಿಗೆ ಮೊದಲು ಚೆಸ್ಸಿನ ಪಾನ್ ಆಟ ಕಲಿಸಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮಂಗಳೂರಿನ ಚೆಸ್ ಟೂರ್ನಿಯೊಂದರಲ್ಲಿ ನನ್ನ ಪುಳ್ಳಿ ಗೆಲ್ಲಬೇಕಿದ್ದ ಆಟ ಡ್ರಾ ಆಯಿತು. ಉಡುಪಿಗೆ ಬರುವ ಬಸ್ಸಿನಲ್ಲಿ ಅವಳದ್ದು ಮಾತೇ ಇಲ್ಲ. ರಾತ್ರಿ ಚಾವಡಿಯಲ್ಲಿ ಬೋರ್ಡ್ ಇಟ್ಟು ನೋಡಿದೆವು. ಅವಳ ಬಿಳಿ ರಾಜ ಡಿ3 ಮನೆಯಲ್ಲಿ (ಅಕ್ಷರ ಉದ್ದಸಾಲಿಗೆ, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲಿಗೆ), ಪಾನ್ ಅಂದರೆ ಕಾಲಾಳು ಇ2ರಲ್ಲಿ. ಎದುರಾಳಿಯ ರಾಜ ಇ5. ಬೇರೇನೂ ಇಲ್ಲ, ನಡೆ ಅವಳದು. ರಾಜನನ್ನು ಇ3ಕ್ಕೆ ತಂದಿದ್ದರೆ ಇಬ್ಬರು ರಾಜರೂ ಒಂದು ಮನೆ ಬಿಟ್ಟು ಎದುರುಬದುರು. ಆಗ ನಡೆ ಎದುರಾಳಿಯದು, ಅವನು ದಾರಿ ಬಿಡಲೇಬೇಕು; ಪಾನ್ ಕೊನೆಯ ಸಾಲು ಮುಟ್ಟಿ ರಾಣಿಯಾಗುತ್ತದೆ, ಗೆಲುವು ನಮ್ಮದು. ಅಪೊಸಿಷನ್ ಅಂದರೆ ಇದೇ. ಅವಳು ಅವಸರದಲ್ಲಿ ಪಾನನ್ನು ಎರಡು ಮನೆ ತಳ್ಳಿದಳು. ಗೆಲುವು ಅಲ್ಲೇ ಹೋಯಿತು.

ಆಟ ಶುರು ಮಾಡುವ ಒಂದು ಕ್ರಮವಾದ ಸಿಸಿಲಿಯನ್ ಓಪನಿಂಗಿನ ಹತ್ತು ಹನ್ನೆರಡು ನಡೆ ಅವಳಿಗೆ ಬಾಯಿಪಾಠ. ಇದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಕಲಿಯಲು ಜಾಸ್ತಿ ಏನಿದೆ? ರಾಜ ಪಾನಿಗಿಂತ ಮುಂದಿರಬೇಕು. ರಾಜ ಆರನೇ ಸಾಲಿನಲ್ಲಿ, ಅವನ ಬೆನ್ನಿಗೇ ಪಾನ್ ಐದರಲ್ಲಿ ಇದ್ದರೆ ನಡೆ ಯಾರದ್ದಾದರೂ ಗೆಲುವೇ. ಬೋರ್ಡಿನ ಅಂಚಿನ ಉದ್ದಸಾಲಿನ ಪಾನ್ ಮಾತ್ರ ಬೇರೆ, ಎದುರಾಳಿಯ ರಾಜ ಅದರ ಮುಂದಿನ ಮೂಲೆ ಹಿಡಿದರೆ ಡ್ರಾ.

ಇಷ್ಟು ಬಂದ ಮಕ್ಕಳಿಗೆ ಚೆಸ್ ಆಟಗಾರ ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಸಮಸ್ಯೆ ತೋರಿಸಿ. ಬಿಳಿ ರಾಜ ಎಚ್8, ಪಾನ್ ಸಿ6; ಕಪ್ಪು ರಾಜ ಎ6, ಪಾನ್ ಎಚ್5. ಬಿಳಿಯ ನಡೆ, ಡ್ರಾ ಮಾಡಬೇಕು. ಬಿಳಿ ರಾಜ ಓರೆಯಾಗಿ ನಡೆಯುತ್ತಾ ಕಪ್ಪು ಪಾನನ್ನು ಬೆನ್ನಟ್ಟುವುದು, ತನ್ನ ಪಾನಿನ ಹತ್ತಿರ ಹೋಗುವುದು ಎಂಬ ಎರಡು ಕೆಲಸ ಒಟ್ಟಿಗೆ ಮಾಡುವುದನ್ನು ನೋಡಿ ಪುಳ್ಳಿ ಚಪ್ಪಾಳೆ ತಟ್ಟಿದಳು.

ನಮ್ಮೂರಿನ ಕೋಚ್‌ಗಳು ಪ್ರತಿ ಕ್ಲಾಸಿನ ಮೊದಲ ಹತ್ತು ನಿಮಿಷ ಇದಕ್ಕೆ ಕೊಡಲಿ. ನಿಮ್ಮ ಭಾನುವಾರದ ಪುಟದಲ್ಲೂ ವಾರಕ್ಕೊಂದು ಪಾನ್ ಸಮಸ್ಯೆ ಹಾಕಬಹುದು, ಅಲ್ವಾ?

– ನಿವೃತ್ತ ಲೆಕ್ಕದ ಮಾಸ್ತರ್, ಕುಂಜಿಬೆಟ್ಟು, ಉಡುಪಿ