ಜ್ವರ ಬಂದರೆ ಮೈ ಯಾಕೆ ನೋಯುತ್ತದೆ ಅಂತ ಕೇಳಿದ್ದೆಯಲ್ಲ

ಗ್ಲಾಸ್ಗೊ
ಜನವರಿ 11

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ಮೊನ್ನೆ ಫೋನಿನಲ್ಲಿ, "ವೈರಸ್ಸು ಮೂಗು ಗಂಟಲಲ್ಲಿ ಇರೋದು ಅಂತೀಯ, ಮತ್ತೆ ಸೊಂಟ ಮಂಡಿ ಎಲ್ಲ ಯಾಕೆ ಹಿಂಡಬೇಕು?" ಅಂತ ಕೇಳಿದೆ. ಬಸ್ಸು ಬಂತು ಅಂತ ಅರ್ಧಕ್ಕೇ ಇಟ್ಟುಬಿಟ್ಟೆ. ಇಲ್ಲಿ ನನ್ನ ಕೆಲಸವೇ ಅದರ ಮೇಲೆ, ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನಮ್ಮ ಜೀವಕೋಶದ ಸಂದೇಶ ಒಯ್ಯುವ ಆರ್‌ಎನ್‌ಎ ಎಳೆಗೆ ತುದಿಯಲ್ಲೊಂದು ಟೋಪಿ ಇರುತ್ತದೆ. ಫ್ಲೂ ವೈರಸ್ಸಿನ ಆರ್‌ಎನ್‌ಎ ಬರಿತಲೆಯದು, ತುದಿಯಲ್ಲಿ ಮೂರು ಫಾಸ್ಫೇಟ್ ಅಷ್ಟೆ. ರಿಗ್-ಐ ಎಂಬ ಪ್ರೋಟೀನು ಅದನ್ನು ಗುರುತು ಹಿಡಿಯುತ್ತದೆ. ಸುದ್ದಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟಿ ಕೋಶಕೇಂದ್ರ ಮುಟ್ಟಿ, ಅಲ್ಲಿಯವರೆಗೆ ಮಲಗಿದ್ದ ಇಂಟರ್‌ಫೆರಾನ್ ಜೀನನ್ನು ಎಬ್ಬಿಸುತ್ತದೆ. ಇಂಟರ್‌ಫೆರಾನ್ ಅಂದರೆ ಎಚ್ಚರಿಕೆ ಒಯ್ಯುವ ಪ್ರೋಟೀನು; ಅದು ಹೊರಬಿದ್ದು ಪಕ್ಕದ ಕೋಶಗಳನ್ನು ಸೇರಿದರೆ ಅಲ್ಲಿ ನೂರಾರು ಜೀನ್‌ಗಳು ಏಳುತ್ತವೆ: ಒಂದರಿಂದ ಆರ್‌ಎನ್‌ಎ ಕತ್ತರಿಸುವ ಕೆಲಸ, ಇನ್ನೊಂದರಿಂದ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುವ ಕೆಲಸ. ಹೆಪಟೈಟಿಸ್-ಸಿ ರೋಗಿಗಳಿಗೆ ಇದೇ ಇಂಟರ್‌ಫೆರಾನ್ ಚುಚ್ಚುತ್ತಿದ್ದಾಗ ಅವರಿಗೂ ಚಳಿಜ್ವರ, ಮೈಕೈ ನೋವು ಬರುತ್ತಿತ್ತು. ನಿನ್ನ ಸೊಂಟ ಹಿಂಡಿದ್ದು ಬಹುಪಾಲು ನಿನ್ನ ಮೈಯೇ ಕಾವಲಿಗೆ ನಿಂತಿದ್ದರಿಂದ.

ಮೊದಲ ಸಲ ಇದನ್ನು ಕಣ್ಣಾರೆ ಕಂಡ ದಿನ ನನಗೆ ಮರೆಯುವುದಿಲ್ಲ. ನಿನ್ನ ಗುಳಿಯಪ್ಪದ ಕಾವಲಿಯ ಹಾಗೆ ಆರು ಗುಳಿಗಳ ಪ್ಲಾಸ್ಟಿಕ್ ತಟ್ಟೆ, ಗುಳಿಗಳ ತಳದಲ್ಲಿ ಬೆಳೆಸಿದ ಜೀವಕೋಶಗಳು. ಎಲ್ಲ ಗುಳಿಗೂ ಒಂದೇ ಅಳತೆಯ ವೈರಸ್ ಹಾಕಿದ್ದೆ, ಮೂರಕ್ಕೆ ಮಾತ್ರ ಹಿಂದಿನ ದಿನವೇ ಇಂಟರ್‌ಫೆರಾನ್ ಕೊಟ್ಟಿದ್ದೆ. ಬಣ್ಣ ಹಾಕಿ ತೊಳೆದಾಗ ಉಳಿದ ಮೂರು ಗುಳಿ ಹುಳ ತಿಂದ ಎಲೆಯಂತೆ ತೂತುತೂತು, ಕೋಶ ಸತ್ತ ಜಾಗಕ್ಕೆ ಬಣ್ಣ ಹಿಡಿದಿರಲಿಲ್ಲ. ಇಂಟರ್‌ಫೆರಾನ್ ಉಂಡ ಗುಳಿಗಳು ತುಂಬು ನೇರಳೆ, ಒಂದು ಚುಕ್ಕೆಯೂ ಇಲ್ಲ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ.

ಇಂಟರ್‌ಫೆರಾನನ್ನು ಲಂಡನ್ನಿನಲ್ಲಿ ಕಂಡುಹಿಡಿದವರು ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು. ಕೋಳಿಮೊಟ್ಟೆಯೊಳಗಿನ ಪೊರೆಗೆ ಬಿಸಿಮಾಡಿ ಸಾಯಿಸಿದ ಫ್ಲೂ ವೈರಸ್ ತಗುಲಿಸಿದರು. ಆ ಪೊರೆ ಬಿಟ್ಟ ದ್ರವದಲ್ಲಿ ಹೊಸ ಪೊರೆ ಇಟ್ಟರೆ ಅದರಲ್ಲಿ ಜೀವಂತ ವೈರಸ್ ಬೆಳೆಯದಾಯಿತು. ವರ್ಷ 1957. ಅಮ್ಮ, ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಮಂಗನ ಕಾಯಿಲೆಗೆ ಹೆಸರು ಬಂದದ್ದೂ ಅದೇ ವರ್ಷ! ಆ ವೈರಸ್ಸಿನ ಎನ್‌ಎಸ್-5 ಎಂಬ ಪ್ರೋಟೀನು ಇಂಟರ್‌ಫೆರಾನ್ ಕೊಟ್ಟ ಕರೆಯೇ ಕೋಶಕ್ಕೆ ಕೇಳದಂತೆ ಮಾಡುತ್ತದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಊರಿನವರೇ ಕಣ್ಣ ಮುಂದೆ ಬಂದರು.

ಈಗ ಆ ಕಾಯಿಲೆ ಹರಡುವ ಉಣುಗಿನ ಕಾಲ. ದರಗು ತರಲು ಕಾಡಿಗೆ ಹೋಗುವಾಗ ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊ, ಅಪ್ಪನಿಗೂ ಹಚ್ಚಿಸು. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ. ಎಲ್ಲಾದರೂ ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆಸ್ಪತ್ರೆಗೆ ಹೇಳಿಕಳಿಸಿ. ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ ಮಗಳು