ಹತ್ತು ಪೌಂಡಿನ ಲೆಕ್ಕ

ಲೆಸ್ಟರ್, ಇಂಗ್ಲೆಂಡ್, ಭಾನುವಾರ ರಾತ್ರಿ

ಅವ್ವ, ಅಪ್ಪ, ಇಬ್ಬರಿಗೂ ಶರಣು. ನಾನು ಇಲ್ಲಿ ಆರಾಮ.

ಅವ್ವ, ನಿನ್ನ ಪತ್ರ ಶುಕ್ರವಾರ ಸಿಕ್ಕಿತು. ಮೆಟ್ಟಿಲು ಹತ್ತುವಾಗ ಅಪ್ಪನಿಗೆ ಎದೆ ಹಿಡಿದಂಗಾಗುತ್ತೆ, ಕೂತರೆ ಕಡಿಮೆಯಾಗುತ್ತೆ ಅಂತ ಬರೆದಿದ್ದೀಯ. ಡಾಕ್ಟರು ಆಂಜಿಯೋಗ್ರಾಂ ಮಾಡಿಸಿ ಅಂದು ತಿಂಗಳಾಯಿತಂತೆ. ಪುಟ್ಟಿ ಮದುವೆ ಮುಗಿಯಲಿ ಅಂತ ಅಪ್ಪ ಮುಂದೂಡುತ್ತಿದ್ದಾರಂತೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಲ್ಲ. ಪಕ್ಕದಲ್ಲೇ ಅಪ್ಪ ಕೂತಿರ್ತಾರೆ, ಗೊತ್ತು.

ಅದರ ಕೆಳಗೇ ಇನ್ನೊಂದು ಸಾಲು ಇತ್ತು. "ನೀ ಪಗಾರದಾಗ ಆ ದೇಶದವ್ರಿಗೆ ರೊಕ್ಕ ಕೊಡ್ತೀಯಂತ, ಅಪ್ಪಗ ನಾ ಹೇಳಿಲ್ಲ." ದೊಡ್ಡಕಾಕಾ ಹೇಳಿರಬೇಕು. ಎರಡು ರಾತ್ರಿ ನಿದ್ದೆ ಬರಲಿಲ್ಲ ಅವ್ವ. ಅಪ್ಪನಿಗೆ ಆಗಬೇಕಾದ ರೊಕ್ಕ ಬೇರೆಯವರ ಪಾಲಾಗ್ತಿದೆ ಅಂತ ನಿನ್ನ ಮನಸ್ಸಿಗೆ ಬಂದಿದ್ದರೆ ಅದು ಹೋಗಬೇಕು. ಲೆಕ್ಕ ಬರೀತೀನಿ, ನೋಡು.

ತಿಂಗಳಿಗೆ 10 ಪೌಂಡ್, ಅಷ್ಟೇ. ಪೇರೋಲ್ ಗಿವಿಂಗ್ ಅಂತ ಇಲ್ಲಿ 1987ರಿಂದ ಇದೆ. ಪಗಾರಕ್ಕೆ ತೆರಿಗೆ ಹಾಕುವ ಮೊದಲೇ ಆ ದುಡ್ಡು ಮುರಿದುಕೊಂಡು ನಾವು ಹೇಳಿದ ಕಡೆ ಕಳಿಸ್ತಾರೆ. ನನಗೆ ನೂರಕ್ಕೆ 20 ತೆರಿಗೆ. ಹಾಗಾಗಿ 10 ಕೊಟ್ಟರೂ ಕೈಯಿಂದ ಹೋಗೋದು 8. ಆಫೀಸಿನವರು ತಮ್ಮದೂ 10 ಸೇರಿಸ್ತಾರೆ. ಬೇಡ ಅನ್ನಿಸಿದಾಗ ನಿಲ್ಲಿಸಬಹುದು. ಶರಣಬಸಪ್ಪನ ದಾಸೋಹಕ್ಕೆ ಕೊಡಬಾರದಿತ್ತಾ ಅಂದಿದ್ದೀಯ. ಈ ದಾರಿಯಲ್ಲಿ ಇಲ್ಲಿಯ ಸಂಸ್ಥೆಗಳಿಗೆ ಮಾತ್ರ ಹೋಗುತ್ತೆ. ಗುಡಿಗೆ ಜಾತ್ರೆ ಹೊತ್ತಿಗೆ ಬೇರೆ ಕಳಿಸೇ ಕಳಿಸ್ತೀನಿ.

ಆ ದುಡ್ಡು ಹೋಗೋದು ಇಲ್ಲೇ ಹತ್ತಿರದ ಫುಡ್ ಬ್ಯಾಂಕಿಗೆ, ಅಂದರೆ ಇಲ್ಲದವರಿಗೆ ದಿನಸಿ ಪುಕ್ಕಟೆ ಕೊಡೋ ಜಾಗ. ತಿಂಗಳಿಗೆ ಎರಡು ಶನಿವಾರ ನಾನೂ ಹೋಗ್ತೀನಿ. ಚರ್ಚಿನ ಹಾಲ್, ತುಂಬ ಚಳಿ, ಸ್ವೆಟರ್ ತೆಗೆಯೋ ಹಾಗಿಲ್ಲ. ಜನ ಕೊಟ್ಟ ಡಬ್ಬಿಗಳ ಮೇಲೆ ಕೆಡುವ ತಾರೀಕು ಸಣ್ಣಗೆ ಇರುತ್ತೆ. ಅದನ್ನು ಹುಡುಕಿ, ದಪ್ಪ ಪೆನ್ನಿನಲ್ಲಿ ಡಬ್ಬಿ ತಲೆ ಮೇಲೆ ಬರೀಬೇಕು. ಬೇಗ ಕೆಡೋದು ಮುಂದೆ, ಉಳಿದದ್ದು ಹಿಂದೆ. ಸಂಕ್ರಾಂತಿ ಹೊತ್ತಿಗೆ ನೀನು ಹಳೇ ಜೋಳ, ಹೊಸ ಜೋಳ ಬೇರೆ ಮಾಡ್ತೀಯಲ್ಲ, ಹಂಗೇ.

ಒಂದು ಸಲ ನೀನು ಕಳಿಸಿದ ತೊಗರಿಬೇಳೆಯಲ್ಲಿ ಎರಡು ಕಿಲೋ ಒಯ್ದಿದ್ದೆ. ನಮ್ಮ ಕಲಬುರಗಿ ಬೇಳೆ, ಇದು ಆ ಊರಿನದೇ ಬೆಳೆ ಅನ್ನೋ ಜಿಐ ಗುರುತು 2019ರಲ್ಲಿ ಸಿಕ್ಕಿದ್ದು ಅಂತ ಎಲ್ಲರಿಗೂ ಹೇಳಿದೆ. ಅಲ್ಲಿಯ ಅಜ್ಜಿಯೊಬ್ಬರು ಎಷ್ಟು ಹೊತ್ತು ಬೇಯಬೇಕು ಅಂತ ಕೇಳಿದರು. ಕುಕ್ಕರ್ ಇಲ್ಲದಿದ್ದರೆ ಮುಕ್ಕಾಲು ಗಂಟೆ ಅಂದೆ. ಬರುವವರಲ್ಲಿ ಎಷ್ಟೋ ಜನರಿಗೆ ಗ್ಯಾಸಿಗೆ ದುಡ್ಡಿರಲ್ಲ, ಕೆಲವರ ಕೋಣೆಯಲ್ಲಿ ಒಲೆಯೇ ಇರಲ್ಲ ಅಂದರು. ಬರೀ ಬಿಸಿನೀರು ಕಾಯಿಸಿ ತಿನ್ನುವಂಥದ್ದನ್ನು ಬೇರೆ ಪೆಟ್ಟಿಗೆಯಲ್ಲಿ ಕಟ್ಟಿಡ್ತಾರೆ, ಅವರಿಗೋಸ್ಕರ. ಇಂಥ ದೇಶದಲ್ಲೂ ಒಲೆ ಇಲ್ಲದವರು ಇದ್ದಾರೆ ಅವ್ವ. ಬೇಳೆಯನ್ನು ಒಲೆ ಇರೋ ಒಂದು ಮನೆಗೆ ಕೊಟ್ಟರು. ಈಗ ನಾನು ಡಬ್ಬಿಯೇ ಒಯ್ತೀನಿ.

ಹೊಲ ಹಕ್ಕಿಗಳಿಗೆ ಬಿಟ್ಟ ಶರಣಬಸಪ್ಪನ ಕಥೆ ಹೇಳಿ ಉಣ್ಣಿಸಿದವಳು ನೀನೇ. ನನ್ನ ಮೇಲೆ ಬೇಜಾರಾಗಬೇಡ.

ಈಗ ಅಪ್ಪನ ಮಾತು. ಮದುವೆ ಛತ್ರ ಆಮೇಲೆ ಸಿಗುತ್ತೆ, ಈ ಎದೆನೋವು ಕಾಯಲ್ಲ. ಜಯದೇವ ಹೃದಯದ ಆಸ್ಪತ್ರೆ ಈಗ ನಮ್ಮೂರಲ್ಲೇ ಇದೆ, ಬೆಂಗಳೂರಿಗೆ ಅಲೆಯೋದು ಬೇಕಿಲ್ಲ. ಸೋಮವಾರವೇ ಹೋಗಿ. ಹಳೇ ಇಸಿಜಿ, ಮಾತ್ರೆ ಚೀಟಿ, ಆಧಾರ್ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ತಾರೆ ಅಂತ ಮೊದಲೇ ಹೇಳಿ, ಮರೀಬೇಡಿ. ಆಂಜಿಯೋಗ್ರಾಂ ಅಂದರೆ ಆಪರೇಷನ್ ಅಲ್ಲ, ಎಷ್ಟೋ ಸಲ ಮಣಿಕಟ್ಟಿನಿಂದಲೇ ಸಣ್ಣ ನಳಿಗೆ ಹಾಕಿ ಹೃದಯದ ರಕ್ತನಾಳ ನೋಡ್ತಾರೆ. ಅಪ್ಪ ಹೆದರಿದ್ದಾರೆ, ಅದಕ್ಕೇ ಮದುವೆ ನೆಪ. ಅವರಿಗೆ ಇದನ್ನು ಓದಿ ಹೇಳು. ರೊಕ್ಕ ನಾನು ನಿನ್ನೆಯೇ ಪುಟ್ಟಿ ಅಕೌಂಟಿಗೆ ಹಾಕಿದ್ದೀನಿ, ಮದುವೆದು ಬೇರೆ, ಇದು ಬೇರೆ. ಕಡಿಮೆ ಬಿದ್ದರೆ ಇನ್ನೂ ಇದೆ, ನಿಜವಾಗಲೂ ಇದೆ. ನಡುರಾತ್ರಿ ನೋವು ಜಾಸ್ತಿಯಾಗಿ ಕೂತರೂ ಇಳಿಯದಿದ್ದರೆ ದೊಡ್ಡಕಾಕಾಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ನಾನು ಚೆನ್ನಾಗಿ ಉಣ್ತೀನಿ, ಬೆಚ್ಚಗಿದ್ದೀನಿ, ಶೇಂಗಾ ಚಟ್ನಿ ಇನ್ನೂ ಅರ್ಧ ಡಬ್ಬಿ ಇದೆ. ನನ್ನ ಚಿಂತೆ ಬಿಡು.

ಬೆಳಿಗ್ಗೆ ಆರಕ್ಕೆ ಬಸ್ಸು, ಮಲಗ್ತೀನಿ. ಸೋಮವಾರ ಆಸ್ಪತ್ರೆಯಿಂದಲೇ ಪುಟ್ಟಿ ಕೈಲಿ ಫೋನ್ ಮಾಡಿಸು.

ನಿನ್ನ ಮಗಳು